ಇಸುಜು ಎಂಜಿನ್ ಕೂತಿತು, ಬ್ರೇಕು ಮಾತ್ರ 1977ರದ್ದೇ

ಪ್ರಶ್ನೆ: ನಮ್ಮ ತಂದೆಯವರ 1977ರ ಅಂಬಾಸಿಡರ್ ಮಾರ್ಕ್ 3 ಉಂಟು. ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್ ಹೊಗೆ ಕಾರಲು ಶುರು ಮಾಡಿತು. ಗುಜರಿಗೆ ಹೊರಟಿದ್ದ ಇನ್ನೊಂದು ಅಂಬಾಸಿಡರಿನ ಇಸುಜು 1800 ಪೆಟ್ರೋಲ್ ಎಂಜಿನ್ನನ್ನು, ಅದರ ಐದು ಗೇರಿನ ಬಾಕ್ಸ್ ಸಮೇತ ತಂದು ಕೂರಿಸಿದೆ. ಓಟ ಬಹಳ ಚೆನ್ನಾಗಿದೆ. ಆದರೆ ಮೊನ್ನೆ ಆಗುಂಬೆ ಘಾಟಿ ಇಳಿಯುವಾಗ, ಇನ್ನೆರಡು ತಿರುವು ಬಾಕಿ ಇರುವಾಗ ಬ್ರೇಕ್ ಪೆಡಲ್ ಮೆತ್ತಗಾಗಿ ನೆಲ ಮುಟ್ಟುವಷ್ಟು ಇಳಿಯಿತು. ಸೋಮೇಶ್ವರದಲ್ಲಿ ಅರ್ಧ ಗಂಟೆ ನಿಲ್ಲಿಸಿದ ಮೇಲೆ ಸರಿಯಾಯಿತು. ಹೆದ್ದಾರಿಯಲ್ಲಿ 90 ದಾಟಿದರೆ ಹಿಂಭಾಗ ಓಲಾಡುತ್ತದೆ. ಮೂತಿಯೂ ಎರಡು ಬೆರಳು ಕೆಳಗೆ ಕೂತಿದೆ. ಹೊಸ ಹ್ಯಾಚ್‌ಬ್ಯಾಕ್ ಕಾರಿನ ಡಿಸ್ಕ್ ಬ್ರೇಕ್ ಮತ್ತು ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಂದಾಗಿರುವ ಕಂಬ) ಹಾಕಿ, ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟ್ ಸೇರಿಸುವ ಅನ್ನುತ್ತಾರೆ ಮೆಕ್ಯಾನಿಕ್. ಎಂತ ಮಾಡುವುದು? ಯಾವುದು ಮೊದಲು?
– ಉಡುಪಿಯ ಓದುಗರು

ಉತ್ತರ: ಮೊದಲು ಒಂದು ಮಾತು. ಇನ್ನು ಈ ಕೆಲಸ ಮುಗಿಯುವವರೆಗೆ ಘಾಟಿ ಕಡೆ ಹೋಗಬೇಡಿ ಮಾರಾಯ್ರೆ. ಕಾರು ಒಂದು ಸಲ ಹೇಳಿದೆ. ಎರಡನೇ ಸಲ ಹೇಳಲಿಕ್ಕೆ ಸೋಮೇಶ್ವರದವರೆಗೆ ಕಾಯಬೇಕೆಂದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದದ್ದು ಎರಡು ವಿವರ: ಪೆಡಲ್ ಮೆತ್ತಗಾಯಿತು, ತಣ್ಣಗಾದ ಮೇಲೆ ಸರಿಯಾಯಿತು. "ಬ್ರೇಕ್ ಫೇಲ್" ಅಂತ ಎಲ್ಲರೂ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಆದರೆ ಅದರಲ್ಲಿ ನಾಲ್ಕೈದು ಜಾತಿ ಉಂಟು. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದ್ದು, ಎಷ್ಟು ಒತ್ತಿದರೂ ಕಾರು ನಿಲ್ಲದಿದ್ದರೆ ಉಜ್ಜಿ ನಿಲ್ಲಿಸುವ ಲೈನರ್ ಬಿಸಿಯಾಗಿ ಹಿಡಿತ ಬಿಟ್ಟಿದೆ ಅಂತ ಅರ್ಥ. ಪೆಡಲ್ ಉದ್ದಕ್ಕೆ ಹೋಗಿ, ಎರಡು ಸಲ ಪಂಪ್ ಮಾಡಿದಾಗ ಮೇಲೆ ಬಂದರೆ ಡ್ರಮ್ (ಚಕ್ರದ ಜೊತೆ ತಿರುಗುವ ಬೋಗುಣಿ) ಬಿಸಿಗೆ ಹಿಗ್ಗಿ, ಅದನ್ನು ಒಳಗಿನಿಂದ ಒತ್ತುವ ಶೂಗಳಿಂದ ದೂರ ಸರಿದಿದೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗಿ ಕೆಳಗೆ ಹೋದರೆ ಬ್ರೇಕ್ ಆಯಿಲ್ ಕುದಿದು ಪೈಪಿನೊಳಗೆ ಆವಿ ತುಂಬಿದೆ. ಆಯಿಲನ್ನು ಅದುಮಲು ಆಗುವುದಿಲ್ಲ, ಆವಿಯನ್ನು ಆಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಆ ಆವಿಯನ್ನು ಅದುಮುವುದರಲ್ಲೇ ಮುಗಿಯುತ್ತದೆ. ತಣ್ಣಗಾದ ಮೇಲೂ ಪೆಡಲ್ ಮೆತ್ತಗೇ ಇದ್ದಿದ್ದರೆ ಎಲ್ಲೋ ಸೋರಿಕೆ, ಇಲ್ಲವೇ ಗಾಳಿ ಅನ್ನುತ್ತಿದ್ದೆ. ನಿಮ್ಮದು ಬಹುಪಾಲು ಆಯಿಲ್ ಕುದಿದ ಪ್ರಕರಣ. ಜೊತೆಗೆ ಡ್ರಮ್ ಹಿಗ್ಗಿರುವುದೂ ಸೇರಿಕೊಂಡಿರಬಹುದು.

ಕರಾವಳಿಯಲ್ಲಿ ಇದು ಜಾಸ್ತಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಉಪ್ಪಿನ ಭರಣಿಯ ಮುಚ್ಚಳ ತೆರೆದಿಟ್ಟ ಹಾಗೆ. ಬ್ರೇಕ್ ಆಯಿಲಿನಲ್ಲಿ ಡಾಟ್ 3, ಡಾಟ್ 4 ಅಂತ ದರ್ಜೆ ಉಂಟು. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ತೇವ ಹೀರಿದ ಮೇಲೆ 140 ಡಿಗ್ರಿ ಸಾಕು. ಡಾಟ್ 4 ಆದರೆ ಹೊಸದಕ್ಕೆ 230, ತೇವ ಹೀರಿದ್ದಕ್ಕೆ 155. ಎಂಜಿನ್ ಬದಲಿಸುವ ಗಡಿಬಿಡಿಯಲ್ಲಿ ನೀವು ಬ್ರೇಕ್ ಆಯಿಲ್ ಬದಲಿಸಿರಲಿಕ್ಕಿಲ್ಲ ಅಂತ ನನ್ನ ಅಂದಾಜು. ನಮ್ಮ ಮಳೆಗಾಲ ನಾಲ್ಕು ತಿಂಗಳಿನದ್ದು. ಇಲ್ಲಿ ಪ್ರತಿ ವರ್ಷ, ಮಳೆ ಮುಗಿದ ಕೂಡಲೇ ಡಾಟ್ 4 ಹೊಸದಾಗಿ ಹಾಕಿಸಿ. ಅರ್ಧ ಉಳಿದ ಡಬ್ಬವನ್ನು ಮುಂದಿನ ವರ್ಷಕ್ಕೆ ಅಂತ ಶೆಲ್ಫಿನಲ್ಲಿ ಇಡಬೇಡಿ. ಡಾಟ್ 5 ಅಂತ ಒಂದು ಸಿಲಿಕೋನ್ ಆಯಿಲ್ ಸಿಗುತ್ತದೆ, ಅದನ್ನು ಇವೆರಡರ ಜೊತೆ ಬೆರೆಸುವ ಹಾಗಿಲ್ಲ. ಪವರ್ ಸ್ಟಿಯರಿಂಗ್ ಆಯಿಲ್ ಅಥವಾ ಎಂಜಿನ್ ಆಯಿಲ್ ಒಂದು ಹನಿಯೂ ಬೇಡ. ರಬ್ಬರ್ ಸೀಲ್‌ಗಳೆಲ್ಲ ಇಡ್ಲಿಯ ಹಾಗೆ ಉಬ್ಬಿಬಿಡುತ್ತವೆ.

ಈಗ ಎಂಜಿನ್ ಇದಕ್ಕೆ ಹೇಗೆ ಕಾರಣ ಅಂತ ನೋಡುವ. ಹಳೇ ಎಂಜಿನ್ 50 ಅಶ್ವಶಕ್ತಿಯ ಆಸುಪಾಸಿನದ್ದು, ಇಸುಜು ಸುಮಾರು 75. ಅರ್ಧದಷ್ಟು ಹೆಚ್ಚಾಯಿತು. ಆದರೆ ಬ್ರೇಕಿಗೆ ಅಶ್ವಶಕ್ತಿಯ ಲೆಕ್ಕ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ವೇಗ ಮತ್ತು ತೂಕ ಮಾತ್ರ. ಅದರಲ್ಲೂ ವೇಗದ ಲೆಕ್ಕ ವರ್ಗದಲ್ಲಿ ಏರುತ್ತದೆ. ನೀವು ಹಿಂದೆ 70ರಲ್ಲಿ ಹೋಗುತ್ತಿದ್ದವರು ಈಗ 100ರಲ್ಲಿ ಹೋದರೆ, ನಿಲ್ಲಿಸುವಾಗ ಡ್ರಮ್ ನುಂಗಬೇಕಾದ ಬಿಸಿ ಒಂದೂವರೆ ಪಟ್ಟಲ್ಲ, ಎರಡು ಪಟ್ಟು. ನಾಲ್ವರು ಕೂತರೆ ಇನ್ನೂ ಹೆಚ್ಚು.

ಘಾಟಿಯ ಲೆಕ್ಕವೇ ಬೇರೆ. ಇಬ್ಬರು ಕೂತ ನಿಮ್ಮ ಕಾರು 1,300 ಕಿಲೋ ಅಂತ ಇಟ್ಟುಕೊಳ್ಳಿ. 100ರ ವೇಗದಿಂದ ಒಮ್ಮೆ ಪೂರ್ತಿ ನಿಲ್ಲಿಸಿದರೆ ಸುಮಾರು 5 ಲಕ್ಷ ಜೌಲ್ ಬಿಸಿ ಹುಟ್ಟುತ್ತದೆ. ಅದೇ ಕಾರನ್ನು 500 ಮೀಟರ್ ಎತ್ತರದಿಂದ ಕೆಳಗೆ ಇಳಿಸಿದರೆ ಸುಮಾರು 64 ಲಕ್ಷ ಜೌಲ್ ಎಲ್ಲಾದರೂ ಹೋಗಬೇಕು. ಅಂದರೆ ಹೆದ್ದಾರಿಯಲ್ಲಿ ಹನ್ನೆರಡು-ಹದಿಮೂರು ಸಲ ಪೂರ್ತಿ ಬ್ರೇಕ್ ಹೊಡೆದಷ್ಟು. ಹೆದ್ದಾರಿಯಲ್ಲಾದರೆ ಎರಡು ಬ್ರೇಕಿನ ನಡುವೆ ಗಾಳಿ ಬಡಿದು ಡ್ರಮ್ ತಣಿಯುತ್ತದೆ. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ವೇಗವೇ ಇಲ್ಲ, ಗಾಳಿ ಎಲ್ಲಿಂದ? ಆ ಬಿಸಿಯ ದೊಡ್ಡ ಪಾಲನ್ನು ಎಂಜಿನ್ ಹೊರಬೇಕು. ಬ್ರೇಕ್ ಇರುವುದು ತಿರುವಿನ ಮುಂಚೆ ಸ್ವಲ್ಪ ಸ್ವಲ್ಪ ಹಿಡಿಯಲಿಕ್ಕೆ.

ಇಲ್ಲೇ ನಿಮ್ಮ ಹೊಸ ಎಂಜಿನ್ ಒಂದು ಮೋಸ ಮಾಡಿದೆ. "ಹತ್ತಿದ ಗೇರಿನಲ್ಲೇ ಇಳಿ" ಅಂತ ಹಳೇ ಟ್ಯಾಕ್ಸಿ ಡ್ರೈವರುಗಳು ಹೇಳುತ್ತಿದ್ದರಲ್ಲ? ಆ ಮಾತು ಹಳೇ ಎಂಜಿನ್ನಿಗೆ ಸರಿ ಇತ್ತು. ಅದು ಎರಡನೇ ಗೇರಿನಲ್ಲಿ ತಿಣುಕಿ ಹತ್ತುತ್ತಿತ್ತು, ಎರಡರಲ್ಲೇ ಇಳಿಯುತ್ತಿತ್ತು. ಇಸುಜು ಎಂಜಿನ್ ಅದೇ ಏರನ್ನು ಮೂರನೇ ಗೇರಿನಲ್ಲಿ ಸಲೀಸಾಗಿ ಹತ್ತಿಬಿಡುತ್ತದೆ. ನೀವು ಮೂರರಲ್ಲೇ ಇಳಿದಿದ್ದೀರಿ, ಅಲ್ವಾ? ಮೂರರಲ್ಲಿ ಎಂಜಿನ್ ಹಿಡಿತ ಸಾಲುವುದಿಲ್ಲ, ಉಳಿದದ್ದೆಲ್ಲ ಡ್ರಮ್ಮಿನ ತಲೆಗೆ ಬಿತ್ತು. ಇನ್ನು ಮುಂದೆ ಎಷ್ಟೇ ಒಳ್ಳೆ ಬ್ರೇಕ್ ಹಾಕಿಸಿದರೂ ಆಗುಂಬೆ, ಚಾರ್ಮಾಡಿ ಇಳಿಯುವುದು ಎರಡನೇ ಗೇರಿನಲ್ಲೇ. ಪೆಟ್ರೋಲ್ ಉಳಿಸಲಿಕ್ಕೆ ನ್ಯೂಟ್ರಲ್ ಹಾಕಿ ಇಳಿಸುವ ಚಟ ನಮ್ಮ ಕಡೆ ಇನ್ನೂ ಹೋಗಿಲ್ಲ. ಅದರ ಬಗ್ಗೆ ಬೂಸ್ಟರಿನ (ಕಾಲಿನ ಒತ್ತಿಗೆ ಬಲ ಸೇರಿಸುವ ಡಬ್ಬ) ಮಾತು ಬಂದಾಗ ಹೇಳುತ್ತೇನೆ.

ಈಗ ಮೆಕ್ಯಾನಿಕ್ ಹೇಳಿದ್ದಕ್ಕೆ ಬರುವ. ಅವರ ಮೇಲೆ ನನಗೆ ಬೇಸರವಿಲ್ಲ, ಆದರೆ ಮೂರೂ ಸಲಹೆ ನನಗೆ ಒಪ್ಪಿಗೆ ಇಲ್ಲ.

ಸ್ಟ್ರಟ್ ವಿಷಯ ಬೇಗ ಮುಗಿಸುತ್ತೇನೆ. ಅಂಬಾಸಿಡರ್ ಅಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಮುಂದೆ ಉದ್ದಕ್ಕೆ ಮಲಗಿದ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು), ಹಿಂದೆ ಪ್ಲೇಟ್ ಸೆಟ್ (ಒಂದರ ಮೇಲೊಂದು ಇಟ್ಟ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್). ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. ಮುಂದಿನ ಚಕ್ರದ ಭಾರವನ್ನು ಟಾರ್ಷನ್ ಬಾರ್ ಹಿಂದಕ್ಕೆ ಒಯ್ದು ನೆಲದ ಅಡಿಯ ಅಡ್ಡಪಟ್ಟಿಗೆ ಕೊಡುತ್ತದೆ. ಸ್ಟ್ರಟ್ ಹಾಗಲ್ಲ, ಅದು ಭಾರವನ್ನು ನೇರ ಮೇಲಕ್ಕೆ, ಮಡ್ಗಾರ್ಡಿನ ಒಳಗೋಡೆಗೆ ಕೊಡುತ್ತದೆ. ನಿಮ್ಮ ಕಾರಿನ ಆ ತಗಡನ್ನು ಅಂಥ ಭಾರಕ್ಕೆ ಮಾಡಿಯೇ ಇಲ್ಲ. ಎಷ್ಟು ದಪ್ಪ ಪ್ಲೇಟ್ ವೆಲ್ಡ್ ಮಾಡಿದರೂ ಸುತ್ತಲಿನ ತಗಡು ಬಿರಿಯುತ್ತದೆ. ಬೇಡವೇ ಬೇಡ.

ಡಿಸ್ಕ್ ಬೇಕು, ಆದರೆ ಹ್ಯಾಚ್‌ಬ್ಯಾಕಿನದ್ದಲ್ಲ. ನಿಮ್ಮ ಎಂಜಿನ್ ಎಲ್ಲಿಂದ ಬಂತು? ಇನ್ನೊಂದು ಅಂಬಾಸಿಡರಿನಿಂದ. 1990ರ ದಶಕದ ಶುರುವಿನಲ್ಲಿ ಹಿಂದೂಸ್ತಾನ್ ಮೋಟರ್ಸ್‌ನವರು ಇದೇ ಎಂಜಿನ್ನನ್ನು ಇದೇ ಬಾಡಿಗೆ ಕೂರಿಸಿದರು. 2014ರಲ್ಲಿ ಉತ್ತರಪಾಡಾದಲ್ಲಿ ತಯಾರಿ ನಿಲ್ಲುವವರೆಗೆ ಅಂಬಾಸಿಡರಿಗೆ ಸಣ್ಣಪುಟ್ಟ ಸುಧಾರಣೆ ಮಾಡುತ್ತಲೇ ಇದ್ದರು. ಮುಂದಿನ ಡಿಸ್ಕ್, ಬೂಸ್ಟರ್ ಎಲ್ಲ ಬಂದದ್ದು ಹಾಗೆ. ನೀವು ಕೇಳಿದ ಪ್ರಶ್ನೆಯನ್ನು ಕಂಪೆನಿಯವರೇ ಮೊದಲು ಕೇಳಿಕೊಂಡು ಉತ್ತರ ಬರೆದಿಟ್ಟಿದ್ದಾರೆ. ಆ ಉತ್ತರವನ್ನು ಪೂರ್ತಿ ತನ್ನಿ, ಅರ್ಧ ತರಬೇಡಿ. ನಾನು ಹೇಳುವುದರಲ್ಲಿ ಮುಖ್ಯವಾದದ್ದು ಇದೇ.

ಪೂರ್ತಿ ಅಂದರೆ ಎಂತ? ಡಿಸ್ಕ್ ಇರುವ ಒಂದು ಇಸುಜು ಅಂಬಾಸಿಡರ್ ಹುಡುಕಿ. ಎಲ್ಲ ಇಸುಜು ಕಾರಿಗೂ ಡಿಸ್ಕ್ ಇಲ್ಲ, ನೋಡಿ ತೆಗೆದುಕೊಳ್ಳಿ. ಅದರಿಂದ ಸ್ಟಬ್ ಆಕ್ಸಲ್ (ಮುಂದಿನ ಚಕ್ರ ಕೂರುವ ಗೂಟ), ಹಬ್, ಡಿಸ್ಕ್, ಕ್ಯಾಲಿಪರ್ (ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಇಕ್ಕುಳ), ಬೂಸ್ಟರ್, ಮಾಸ್ಟರ್ ಸಿಲಿಂಡರ್ (ಪೆಡಲಿನ ಒತ್ತನ್ನು ಆಯಿಲಿಗೆ ಕೊಡುವ ಸಿಲಿಂಡರ್), ಪೆಡಲಿನ ಚೌಕಟ್ಟು, ಪೈಪಿನ ಜೋಡಣೆಯ ತುಂಡುಗಳು, ಇಷ್ಟನ್ನೂ ಒಂದೇ ಕಾರಿನಿಂದ ತೆಗೆಯಿರಿ. ನಿಮ್ಮ ಕಾರನ್ನು ಬಿಚ್ಚುವ ಮೊದಲು ಸ್ಟಬ್ ಆಕ್ಸಲ್ ನಿಮ್ಮ ಕಾರಿನ ಸಸ್ಪೆನ್ಷನ್ನಿನ ಕೆಳಗಿನ ಮತ್ತು ಮೇಲಿನ ಕೈಗಳಿಗೆ (ಆರ್ಮ್) ಕೂರುತ್ತದೋ ಅಂತ ಅಳತೆ ಹಿಡಿಯಿರಿ. ಕೂರದಿದ್ದರೆ ಕೈಗಳನ್ನೂ ಅದೇ ಕಾರಿನಿಂದ ತನ್ನಿ. ಡಿಸ್ಕ್ ಕೂರಿಸಿದ ಮೇಲೆ ನಿಮ್ಮ ಚಕ್ರ ಕ್ಯಾಲಿಪರಿಗೆ ತಾಗದೆ ತಿರುಗಬೇಕು. ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನೂ ಒಮ್ಮೆ ಹಾಕಿ ನೋಡಿ. ಇದನ್ನು ಎಲ್ಲರೂ ಮರೆಯುತ್ತಾರೆ, ಪಂಕ್ಚರ್ ಆದ ರಾತ್ರಿ ನೆನಪಾಗುತ್ತದೆ.

ಬೇರೆ ಕಾರಿನ ಡಿಸ್ಕ್ ಯಾಕೆ ಬೇಡ ಅಂದರೆ, ಕ್ಯಾಲಿಪರ್ ಕೂರಿಸಲಿಕ್ಕೆ ಲೇತ್ ಅಂಗಡಿಯಲ್ಲಿ ಒಂದು ಬ್ರಾಕೆಟ್ ಮಾಡಿಸಬೇಕಾಗುತ್ತದೆ. ಜೋರಾಗಿ ಬ್ರೇಕ್ ಹಿಡಿದಾಗ ಮುಂದಿನ ಚಕ್ರದ ನಿಲ್ಲಿಸುವ ಬಲವೆಲ್ಲ ಆ ಬ್ರಾಕೆಟ್ಟಿನ ಮೇಲೆ. ಹಿಂದೊಮ್ಮೆ ನನ್ನ ಹತ್ತಿರ ಒಂದು ಹಳೇ ಕಾರು ಬಂದಿತ್ತು, "ಬ್ರೇಕ್ ಹಿಡಿದರೆ ಟಕ್ ಅನ್ನುತ್ತದೆ" ಅಂತ. ಚಕ್ರ ಬಿಚ್ಚಿ ನೋಡಿದರೆ ಬ್ರಾಕೆಟ್ಟಿನ ವೆಲ್ಡಿಂಗ್ ಮುಕ್ಕಾಲು ಭಾಗ ಬಿರಿದಿತ್ತು. ಕ್ಯಾಲಿಪರ್ ಒಂದೇ ಬೋಲ್ಟಿನಲ್ಲಿ ನೇತಾಡುತ್ತಿತ್ತು. ಅದನ್ನು ಓಡಿಸಿಕೊಂಡು ಬಂದವರು ಪಕ್ಕದಲ್ಲೇ ನಿಂತಿದ್ದರು. ಬಣ್ಣ ಹೊಡೆದಿದ್ದರಿಂದ ಯಾರಿಗೂ ಕಂಡಿರಲಿಲ್ಲ.

ಬೂಸ್ಟರ್ ಇಲ್ಲದೆ ಡಿಸ್ಕ್ ಮಾತ್ರ ಹಾಕಿದರೆ ಆಗುವುದಿಲ್ಲವೇ ಅಂತ ಕೇಳಬಹುದು. ಡ್ರಮ್ಮಿನಲ್ಲಿ ಒಂದು ಗುಟ್ಟು ಉಂಟು. ಶೂ ಡ್ರಮ್ಮಿಗೆ ತಾಗಿದ ಕೂಡಲೇ ತಿರುಗುವ ಡ್ರಮ್ಮೇ ಶೂವನ್ನು ಇನ್ನಷ್ಟು ಎಳೆದುಕೊಂಡು ಒತ್ತುತ್ತದೆ, ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ. ಡಿಸ್ಕಿಗೆ ಆ ಸಹಾಯ ಇಲ್ಲ. ಎಲ್ಲ ಒತ್ತಡ ಕಾಲಿನಿಂದಲೇ ಬರಬೇಕು. ಬೂಸ್ಟರ್ ಇಲ್ಲದ ಡಿಸ್ಕ್ ಹಾಕಿಸಿದವರು "ಹಳೇ ಡ್ರಮ್ಮೇ ವಾಸಿ ಇತ್ತು" ಅನ್ನುವುದು ಇದಕ್ಕೇ. ನಿಮ್ಮದು ಪೆಟ್ರೋಲ್ ಎಂಜಿನ್, ಹಾಗಾಗಿ ಇನ್‌ಲೆಟ್ ಮ್ಯಾನಿಫೋಲ್ಡಿನಿಂದ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಸಿಗುತ್ತದೆ. ನಡುವೆ ಒನ್‌ವೇ ವಾಲ್ವ್ ಇರಲೇಬೇಕು. ಡೀಸೆಲ್ ಹಾಕಿದವರಿಗೆ ಈ ಸೌಕರ್ಯ ಇಲ್ಲ, ಅವರು ಬೇರೆ ವ್ಯಾಕ್ಯೂಮ್ ಪಂಪ್ ಕೂರಿಸಬೇಕು. ಎಂಜಿನ್ ಬಂದ್ ಮಾಡಿದರೆ ಬೂಸ್ಟರಿನಲ್ಲಿ ಉಳಿಯುವುದು ಎರಡು-ಮೂರು ಸಲ ಒತ್ತುವಷ್ಟು ವ್ಯಾಕ್ಯೂಮ್ ಮಾತ್ರ. ಆಮೇಲೆ ಪೆಡಲ್ ಕಲ್ಲು. ನ್ಯೂಟ್ರಲ್ ಹಾಕಿ, ಕೀ ತಿರುಗಿಸಿ ಘಾಟಿ ಇಳಿಯುವವರಿಗೆ ಇದು ನೆನಪಿರಲಿ. ಬರೀ ನ್ಯೂಟ್ರಲ್ ಆದರೂ ಎಂಜಿನ್ ಹಿಡಿತ ಪೂರ್ತಿ ಹೋಗುತ್ತದೆ.

ಮಾಸ್ಟರ್ ಸಿಲಿಂಡರ್ ಬದಲಿಸಲಿಕ್ಕೆ ಇನ್ನೊಂದು ಕಾರಣ ಉಂಟು, ನನ್ನ ಮಟ್ಟಿಗೆ ಡಿಸ್ಕಿಗಿಂತಲೂ ದೊಡ್ಡದು. ಹಳೇ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸರ್ಕ್ಯೂಟ್. ಒಂದು ಹೋಸ್ ಒಡೆದರೆ ನಾಲ್ಕೂ ಹೋಯಿತು. ಟ್ಯಾಂಡಮ್ ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಕೋಣೆ, ಎರಡು ಸರ್ಕ್ಯೂಟ್. ಒಂದು ಹೋದರೂ ಇನ್ನೊಂದು ಕಾರನ್ನು ನಿಲ್ಲಿಸುತ್ತದೆ. ಡಿಸ್ಕಿಗೆ ದುಡ್ಡು ಸಾಲದಿದ್ದರೆ ಈ ವರ್ಷ ಟ್ಯಾಂಡಮ್ ಸಿಲಿಂಡರ್ ಮಾತ್ರವಾದರೂ ಹಾಕಿಸಿ, ಡ್ರಮ್ಮಿನದ್ದೇ ಅಳತೆಯದ್ದು ನೋಡಿ. ಸಿಲಿಂಡರಿನ ಬೋರ್ (ಒಳ ಅಗಲ) ದೊಡ್ಡದಾದರೆ ಪೆಡಲ್ ಗಟ್ಟಿ ಅನ್ನಿಸುತ್ತದೆ, ಆದರೆ ಒತ್ತಡ ಕಡಿಮೆ. ಬೋರ್ ಸಣ್ಣದಾದರೆ ಒತ್ತಡ ಜಾಸ್ತಿ, ಪೆಡಲ್ ಉದ್ದಕ್ಕೆ ಹೋಗುತ್ತದೆ. "ದೊಡ್ಡದು ಹಾಕಿದರೆ ಒಳ್ಳೆಯದು" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ಸಣ್ಣ ವಾಲ್ವಿನ ಕಥೆ. ಡ್ರಮ್ ಬ್ರೇಕಿನ ಹಳೇ ಮಾಸ್ಟರ್ ಸಿಲಿಂಡರುಗಳಲ್ಲಿ, ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸಿಕೊಳ್ಳುವ ಒಂದು ವಾಲ್ವ್ ಇರುತ್ತದೆ. ಡ್ರಮ್ಮಿಗೆ ಅದು ಬೇಕು. ಶೂಗಳನ್ನು ಹಿಂದೆ ಎಳೆಯಲು ಅಲ್ಲಿ ಗಟ್ಟಿ ಸ್ಪ್ರಿಂಗ್ ಇದೆ. ಡಿಸ್ಕಿನಲ್ಲಿ ಸ್ಪ್ರಿಂಗ್ ಇಲ್ಲ. ಹಳೇ ಸಿಲಿಂಡರಿಗೆ ಡಿಸ್ಕ್ ಜೋಡಿಸಿದರೆ ಆ ಒತ್ತಡ ಪ್ಯಾಡುಗಳನ್ನು ಸದಾ ಡಿಸ್ಕಿಗೆ ಒತ್ತಿಯೇ ಇಡುತ್ತದೆ. ಹತ್ತು ಕಿಲೋಮೀಟರ್ ಓಡಿಸಿದರೆ ಸಾಕು, ವಾಸನೆ ಶುರು. ಹೊಸ ಡಿಸ್ಕ್ ಹಾಕಿಸಿದ ಮೇಲೆ ಕಾರು ಭಾರವಾಗಿ ಓಡುತ್ತದೆ, ಮೈಲೇಜ್ ಬಿತ್ತು ಅಂತ ಬರುವವರಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಹಿಂದಿನ ಚಕ್ರದ ಡ್ರಮ್ ಹಾಗೇ ಇರಲಿ. ನಾಲ್ಕೂ ಕಡೆ ಡಿಸ್ಕ್ ಅಂದರೆ ಕೇಳಲಿಕ್ಕೆ ಚಂದ. ಆದರೆ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ಬಲವಾದ ಬ್ರೇಕ್ ಕೊಟ್ಟರೆ ಅದು ಮೊದಲು ಲಾಕ್ ಆಗುತ್ತದೆ. ಮುಂದಿನದು ಲಾಕ್ ಆದರೆ ಕಾರು ನೇರ ಹೋಗುತ್ತದೆ, ಹಿಂದಿನದು ಲಾಕ್ ಆದರೆ ಕಾರು ತಿರುಗುತ್ತದೆ. ಜೂನ್ ತಿಂಗಳ ಮೊದಲ ಮಳೆಯಲ್ಲಿ ಪಡುಬಿದ್ರಿ ಹೆದ್ದಾರಿಯಲ್ಲಿ ತಿರುಗಿದರೆ ಹಿಂದೆ ಬರುವ ಎಕ್ಸ್‌ಪ್ರೆಸ್ ಬಸ್ಸಿಗೆ ನಿಮ್ಮ ಮುಖ ಕಾಣುತ್ತದೆ. ಹ್ಯಾಂಡ್ ಬ್ರೇಕ್ ಕೂಡ ಹಿಂದಿನ ಡ್ರಮ್ಮಿನಲ್ಲೇ ಇದೆ, ಸುಮ್ನೆ ಅದನ್ನು ಯಾಕೆ ಕೆದಕುವುದು? ಶೂಗಳನ್ನು ಒತ್ತುವ ವೀಲ್ ಸಿಲಿಂಡರ್ ಬಿಚ್ಚಿ ಒಳಗೆ ತುಕ್ಕಿನ ಗುಳಿ ಬಿದ್ದಿದೆಯೋ ನೋಡಿ, ಬಿದ್ದಿದ್ದರೆ ಬದಲಿಸಿ. ಡ್ರಮ್ ಓವಲ್ ಆಗಿದ್ದರೆ ಲೇತಿನಲ್ಲಿ ಸ್ವಲ್ಪ ಕೆರೆಸಬಹುದು. ಈಗಾಗಲೇ ಎರಡು ಸಲ ಕೆರೆಸಿ ತೆಳ್ಳಗಾದದ್ದು ಬೇಡ, ಅದು ಬಿಸಿಗೆ ಬೇಗ ಹಿಗ್ಗುತ್ತದೆ.

ಒಂದು ಎಚ್ಚರಿಕೆ. ಹಳೇ ಲೈನರುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ. ಗ್ಯಾರೇಜಿನ ಹುಡುಗರು ಡ್ರಮ್ ಬಿಚ್ಚಿದ ಕೂಡಲೇ ಏರ್ ಹಿಡಿದು ಧೂಳು ಹಾರಿಸುತ್ತಾರೆ. ಅದು ಶ್ವಾಸಕೋಶಕ್ಕೆ ಹೋಗುವ ವಿಷ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕಟ್ಟಿ ಬಿಸಾಡಲು ಹೇಳಿ. ನಗುತ್ತಾರೆ, ಆದರೂ ಹೇಳಿ.

ಪೈಪುಗಳನ್ನೆಲ್ಲ ಹೊಸದು ಹಾಕಿಸಿ. ನಮ್ಮವರು ಇದನ್ನು ಬಂಡಿ ಪೈಪ್ ಅನ್ನುತ್ತಾರೆ. ನಾನು ಕಲಿಯುವಾಗ ಬಂಡಿಗೆ ಹಾಕುವ ಪೈಪ್ ಆದ್ದರಿಂದ ಆ ಹೆಸರು ಅಂದುಕೊಂಡಿದ್ದೆ. ಅದು ಅಂಥ ಪೈಪ್ ತಯಾರಿಸಿದ ಕಂಪೆನಿಯ ಹೆಸರಂತೆ! ಸ್ಟೀಲ್ ಪೈಪ್ ನಮ್ಮ ಉಪ್ಪುಗಾಳಿಗೆ ಹೊರಗಿನಿಂದ ತುಕ್ಕು ಹಿಡಿಯುತ್ತದೆ, ಕ್ಲಿಪ್ ಇರುವ ಜಾಗದಲ್ಲಿ ಮೊದಲು. ತಾಮ್ರ-ನಿಕ್ಕೆಲ್ ಮಿಶ್ರಲೋಹದ ಪೈಪ್ ಸಿಕ್ಕಿದರೆ ಅದನ್ನೇ ಹಾಕಿಸಿ. ಬರೀ ತಾಮ್ರದ ಪೈಪ್ ಬೇಡ, ನಡುಗಿ ನಡುಗಿ ಗಟ್ಟಿಯಾಗಿ ಬಿರಿಯುತ್ತದೆ. ರಬ್ಬರ್ ಹೋಸ್ ಹೊರಗಿನಿಂದ ಚಂದ ಕಂಡರೂ ಒಳಗೆ ಊದಿಕೊಂಡಿರಬಹುದು. ಆಗ ಆಯಿಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ, ಆ ಚಕ್ರ ಹಿಡಿದುಕೊಂಡೇ ಇರುತ್ತದೆ. ಗುಜರಿಯಿಂದ ತಂದ ಕ್ಯಾಲಿಪರ್ ಸರಿ, ಸೀಲ್ ಕಿಟ್ ಹೊಸದು ಹಾಕಿದರೆ. ಹೋಸ್ ಮತ್ತು ಪ್ಯಾಡ್ ಮಾತ್ರ ಯಾವತ್ತೂ ಗುಜರಿಯಿಂದ ಬೇಡ.

ಇನ್ನು ಸಸ್ಪೆನ್ಷನ್. ನಿಮ್ಮ ಕಾರಿನ ಹಿಂಭಾಗ ಓಲಾಡುವುದಕ್ಕೆ ಪ್ಲೇಟ್ ಕಡಿಮೆ ಆದದ್ದು ಕಾರಣವಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಪ್ರಾಯದಲ್ಲಿ ನನ್ನ ಸ್ವಂತ ಅಂಬಾಸಿಡರಿಗೆ ನಾನೇ ಎರಡು ಪ್ಲೇಟ್ ಜಾಸ್ತಿ ಹಾಕಿ, ಎತ್ತರ ನಿಂತದ್ದು ನೋಡಿ ಖುಷಿಪಟ್ಟವನು. ಖಾಲಿ ಕಾರಿನಲ್ಲಿ ಹಿಂದಿನ ಚಕ್ರ ರಸ್ತೆಗೆ ತಾಗುವುದಕ್ಕಿಂತ ಹಾರುವುದೇ ಹೆಚ್ಚಾಯಿತು. ಒಂದು ಮಳೆಯ ಸಂಜೆ ಸುರತ್ಕಲ್ ದಾಟಿದ ಮೇಲೆ ಸಣ್ಣ ತಿರುವಿನಲ್ಲಿ ಹಿಂಭಾಗ ಜಾರಿ ಕಾರು ಮಂಗಳೂರಿನ ಕಡೆ ಮುಖ ಮಾಡಿ ನಿಂತಿತು. ಹೊರಟದ್ದು ಉಡುಪಿಗೆ. ಮರುದಿನವೇ ಎರಡೂ ಪ್ಲೇಟ್ ಬಿಚ್ಚಿದೆ.

ಓಲಾಟಕ್ಕೆ ಸಾಮಾನ್ಯವಾಗಿ ಕಾರಣ ತೀರಾ ಸಣ್ಣದು: ಟೈರ್, ಬುಷ್, ಶಾಕ್. ಟೈರಿನಿಂದ ಶುರು ಮಾಡಿ. ಹಳೇ 5.90-15 ನೈಲಾನ್ ಟೈರ್ ಎರಡು, ರೇಡಿಯಲ್ ಎರಡು ಅಂತ ಬೆರಕೆ ಇದ್ದರೆ ಮುಂದೆ ಓದುವುದೇ ಬೇಡ, ಅದನ್ನು ಮೊದಲು ಸರಿಮಾಡಿ. ಎರಡು ಜಾತಿಯ ಟೈರ್ ತಿರುವಿನಲ್ಲಿ ಎರಡು ರೀತಿ ವಾಲುತ್ತವೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಶೆಡ್ಡಿನಲ್ಲಿ ನಿಂತೇ ಇದ್ದ ಕಾರಿನ ಟೈರಿನ ಹಲ್ಲು ಚಂದ ಕಾಣುತ್ತದೆ, ಆದರೆ ರಬ್ಬರ್ ಮರದ ಹಾಗೆ ಗಟ್ಟಿಯಾಗಿರುತ್ತದೆ. ಒದ್ದೆ ರಸ್ತೆಯಲ್ಲಿ ಅದರ ಮೇಲೆ ಯಾವ ಡಿಸ್ಕೂ ಕೆಲಸ ಮಾಡುವುದಿಲ್ಲ. ಕೊನೆಗೆ ಕಾರನ್ನು ನಿಲ್ಲಿಸುವುದು ಟೈರೇ.

ಆಮೇಲೆ ಪ್ಲೇಟ್ ಸೆಟ್ಟಿನ ಎರಡೂ ತುದಿಯ ಬುಷ್, ಶ್ಯಾಕಲ್ (ಪ್ಲೇಟ್ ಸೆಟ್ಟನ್ನು ಬಾಡಿಗೆ ಜೋಡಿಸುವ ಕೊಂಡಿ), ಯೂ ಬೋಲ್ಟ್ ನೋಡಿ. ಹೊಸ ಎಂಜಿನ್ ಜೋರಾಗಿ ಎಳೆದಾಗ ಹಿಂದಿನ ಆಕ್ಸಲ್ ತಿರುಚಿಕೊಳ್ಳಲು ನೋಡುತ್ತದೆ, ಪ್ಲೇಟುಗಳು ಹಾವಿನ ಹಾಗೆ ಬಳುಕುತ್ತವೆ. ಬುಷ್ ಸವೆದಿದ್ದರೆ ಆಕ್ಸಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಹೋಗುತ್ತದೆ. ಹಿಂದಿನ ಚಕ್ರಗಳೇ ಸ್ಟಿಯರಿಂಗ್ ತಿರುಗಿಸಿದ ಹಾಗೆ. 50 ಅಶ್ವಶಕ್ತಿಗೆ ಇದು ಮರೆಯಲ್ಲಿತ್ತು, 75ಕ್ಕೆ ಎದ್ದು ಕಾಣುತ್ತಿದೆ. ಬುಷ್ ರಬ್ಬರಿನದ್ದೇ ಹಾಕಿ. ಪಾಲಿಯುರೆಥೇನ್ ಬುಷ್ ಕೆಂಪು ಬಣ್ಣದಲ್ಲಿ ಚಂದ ಕಾಣುತ್ತದೆ, ಆದರೆ ನಮ್ಮ ಗುಂಡಿ ರಸ್ತೆಗೆ ಪೆಟ್ಟು ಜಾಸ್ತಿ, ಕಿರಿಕಿರಿ ಸದ್ದೂ ಜಾಸ್ತಿ. ಪ್ಲೇಟ್ ಚಪ್ಪಟೆಯಾಗಿದ್ದರೆ ಕಮ್ಮಾರರ ಹತ್ತಿರ ಮೂಲ ಬಾಗಿಗೆ ತರಿಸಿ, ಎಣಿಕೆ ಮೂಲದಷ್ಟೇ ಇರಲಿ. ಯೂ ಬೋಲ್ಟನ್ನು 500 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಟೈಟ್ ಮಾಡಿಸಿ.

ಮೂತಿ ತಗ್ಗಿದ್ದಕ್ಕೆ ಹೊಸ ಎಂಜಿನ್ ಭಾರ ಕಾರಣವೋ, ಟಾರ್ಷನ್ ಬಾರ್ ಸುಸ್ತಾದದ್ದೋ ಅಂತ ಊಹೆ ಮಾಡುತ್ತಾ ಕೂರುವುದು ಬೇಡ. ಬೈಕಂಪಾಡಿ ಕಡೆ ಲಾರಿ ತೂಗುವ ವೇ ಬ್ರಿಡ್ಜ್ ಬೇಕಾದಷ್ಟು ಇವೆ. ಇಡೀ ಕಾರನ್ನು ತೂಗಿಸಿ, ಆಮೇಲೆ ಮುಂದಿನ ಚಕ್ರ ಮಾತ್ರ ತೂಕದ ಹಲಗೆಯ ಮೇಲಿಟ್ಟು ತೂಗಿಸಿ. ಚಹಾದ ಖರ್ಚಿನಲ್ಲಿ ಸತ್ಯ ಗೊತ್ತಾಗುತ್ತದೆ. ಭಾರ ವಿಶೇಷ ಹೆಚ್ಚಿರದಿದ್ದರೆ ಟಾರ್ಷನ್ ಬಾರಿನ ಹಿಂದಿನ ತುದಿಯಲ್ಲಿ ಎತ್ತರ ಸರಿಮಾಡಬಹುದು, ಎರಡೂ ಕಡೆ ಸಮ. ಇದರಿಂದ ಎತ್ತರ ಏರುತ್ತದೆ, ಗಡಸುತನ ಏರುವುದಿಲ್ಲ, ಗೊಂದಲ ಬೇಡ. ಎತ್ತರ ಬದಲಾದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಹೆಡ್‌ಲೈಟಿನ ದಿಕ್ಕನ್ನೂ ನೋಡಬೇಕು. ಭಾರ ಹೊತ್ತ ಟಾರ್ಷನ್ ಬಾರಿನ ಬೋಲ್ಟ್ ಬಿಚ್ಚುವುದು ಅನುಭವ ಇರುವವರ ಕೆಲಸ. ಅದು ತಿರುಚಿಟ್ಟ ಸ್ಪ್ರಿಂಗ್, ಕೈ ಮುರಿಯುವಷ್ಟು ಬಲ ಇರುತ್ತದೆ. ಕಾರನ್ನು ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡ್ ಕೊಡಿ. ಮನೆಯ ಅಂಗಳದಲ್ಲಿ ಕೆಂಪುಕಲ್ಲು ಇಟ್ಟು ಕೆಳಗೆ ನುಗ್ಗುವವರನ್ನು ನೋಡಿದ್ದೇನೆ. ಒಂದು ಮೂಲೆಗೆ ಭಾರ ಬಿದ್ದರೆ ಕೆಂಪುಕಲ್ಲು ಪುಡಿಯಾಗುತ್ತದೆ.

ಮುಂದಿನ ಪಿನ್ನು-ಬುಷ್ಷುಗಳು, ಟೈ ರಾಡ್ ತುದಿ, ಸ್ಟಿಯರಿಂಗ್ ರ‍್ಯಾಕ್, ಇವುಗಳ ಪ್ಲೇ (ಸಡಿಲ ಅಲುಗಾಟ) ತೆಗೆಸಿ. ಗ್ರೀಸ್ ನಿಪ್ಪಲ್ ಇರುವ ಕಡೆಯೆಲ್ಲ ಗ್ರೀಸ್ ಹೊಡೆಸಿ. ಶಾಕ್ ಹೊಸದು ಹಾಕುವಾಗ ಉದ್ದ ಮೂಲದ್ದೇ ಇರಲಿ. ಇಷ್ಟಾದ ಮೇಲೆ ಓಡಿಸಿ ನೋಡಿ. ಆಗಲೂ ತಿರುವಿನಲ್ಲಿ ವಾಲುತ್ತದೆ ಅನ್ನಿಸಿದರೆ ಮಾತ್ರ ಮುಂದೆ ಆ್ಯಂಟಿ ರೋಲ್ ಬಾರಿನ ಮಾತು. ನನಗನ್ನಿಸುವುದು, ಆ ಮಾತು ಬರಲಿಕ್ಕಿಲ್ಲ.

ಇದೆಲ್ಲಕ್ಕೂ ಮೊದಲು ಒಂದು ಸ್ಕ್ರೂಡ್ರೈವರ್ ಹಿಡಿದು ಕಾರಿನ ಅಡಿಗೆ ಹೋಗಿ. ಪ್ಲೇಟ್ ಸೆಟ್ ನೇತಾಡುವ ಜಾಗ, ಟಾರ್ಷನ್ ಬಾರಿನ ಹಿಂದಿನ ತುದಿ ಕೂರುವ ಅಡ್ಡಪಟ್ಟಿ, ಇವೆರಡನ್ನೂ ಜೋರಾಗಿ ಚುಚ್ಚಿ ನೋಡಿ. ಕರಾವಳಿಯ ಕಾರು, ಬಾಡಿಯೇ ಚಾಸಿ. ಸ್ಕ್ರೂಡ್ರೈವರ್ ಒಳಗೆ ಹೋದರೆ ಬ್ರೇಕಿನ ದುಡ್ಡನ್ನು ಮೊದಲು ತಗಡಿಗೆ ಹಾಕಿ.

ಕಾಗದಪತ್ರದ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಂಜಿನ್ ಬದಲಾದದ್ದು ಆರ್‌ಸಿಯಲ್ಲಿ ದಾಖಲಾಗಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಇದಕ್ಕೇ ಇರುವುದು. ಆರ್‌ಸಿಯಲ್ಲಿ ಒಂದು ಎಂಜಿನ್ ನಂಬರು, ಬಾನೆಟ್ಟಿನಡಿ ಇನ್ನೊಂದು ಇದ್ದರೆ ಅಪಘಾತವಾದ ದಿನ ಇನ್ಶೂರೆನ್ಸಿನವರಿಗೆ ಅಷ್ಟೇ ಸಾಕು. ಬ್ರೇಕಿನ ಕೆಲಸ ಶುರು ಮಾಡುವ ಮೊದಲು ಉಡುಪಿ ಆರ್‌ಟಿಒದಲ್ಲಿ ಕೇಳಿಕೊಂಡು ಬನ್ನಿ. ಎಂಜಿನ್ ಯಾರಿಂದ ಕೊಂಡದ್ದು ಅನ್ನುವ ರಶೀದಿ ಜೋಪಾನ. 50 ವರ್ಷ ತುಂಬಿದ ಮೇಲೆ ವಿಂಟೇಜ್ ನಂಬರು ಪ್ಲೇಟ್ ಮಾಡಿಸುವ ಆಸೆ ಇದ್ದರೆ, 2021ರ ನಿಯಮದಲ್ಲಿ ಅದು ಮೂಲ ಸ್ಥಿತಿಯಲ್ಲಿರುವ ಕಾರಿಗೆ ಮಾತ್ರ. ಹಳೇ ಎಂಜಿನ್ನನ್ನು ಗುಜರಿಗೆ ಹಾಕಬೇಡಿ. ಗ್ರೀಸ್ ಬಳಿದು, ಪ್ಲಾಸ್ಟಿಕ್ ಸುತ್ತಿ ಮೂಲೆಯಲ್ಲಿಡಿ.

ಎಲ್ಲ ಜೋಡಿಸಿದ ಮೇಲೆ ಬ್ರೇಕ್ ಪೈಪಿನೊಳಗಿನ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಹೊಸ ಪ್ಯಾಡನ್ನು ಪಳಗಿಸಬೇಕು. ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಹದವಾಗಿ ಹತ್ತು-ಹದಿನೈದು ಸಲ ಇಳಿಸಿ, ನಡುನಡುವೆ ಓಡಿಸಿ ತಣಿಸಿ. ಬಿಸಿ ಇರುವಾಗ ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡಿಯಬೇಡಿ. ಆಮೇಲೆ ಯಾರೂ ಇಲ್ಲದ ಒಂದು ಮೈದಾನದಲ್ಲಿ, ನೆಲ ಒದ್ದೆ ಇರುವಾಗ, 30ರ ವೇಗದಲ್ಲಿ ಜೋರಾಗಿ ಬ್ರೇಕ್ ಹೊಡೆದು ನೋಡಿ. ಒಬ್ಬರು ಹೊರಗೆ ನಿಂತು ಯಾವ ಚಕ್ರ ಮೊದಲು ಲಾಕ್ ಆಗುತ್ತದೆ ಅಂತ ನೋಡಲಿ. ಹಿಂದಿನದು ಮೊದಲು ಲಾಕ್ ಆದರೆ ಹಿಂದಿನ ಪೈಪಿಗೆ ಒತ್ತಡ ತಗ್ಗಿಸುವ ಪ್ರೊಪೋರ್ಷನಿಂಗ್ ವಾಲ್ವ್ ಹಾಕಿಸದೆ ರಸ್ತೆಗೆ ತರಬೇಡಿ.

ಆಮೇಲೆ ಆಗುಂಬೆ. ಎರಡನೇ ಗೇರಿನಲ್ಲಿ ಇಳಿದು ಸೋಮೇಶ್ವರದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಬಿಸಿ ಅಳೆಯುವ ಗನ್ ಹಿಡಿಯಿರಿ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅದಲ್ಲ, ಮೆಕ್ಯಾನಿಕ್‌ಗಳು ಇಟ್ಟುಕೊಳ್ಳುವಂಥದ್ದು. ಮುಂದಿನ ಎರಡು ಹೆಚ್ಚುಕಡಿಮೆ ಒಂದೇ ತೋರಿಸಬೇಕು, ಹಿಂದಿನ ಎರಡು ಒಂದೇ ತೋರಿಸಬೇಕು. ಮುಂದಿನದ್ದು ಹಿಂದಿನದಕ್ಕಿಂತ ಬಿಸಿ ಇರುವುದು ಸಹಜ. ಎಡ-ಬಲದಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಆ ನಾಲ್ಕು ಅಂಕಿಗಳನ್ನು ಬರೆದುಕೊಂಡು ಮೆಕ್ಯಾನಿಕ್‌ಗೆ ಕೊಡಿ. ಬಿಸಿ ಜಾಸ್ತಿ ಇರುವ ಕಡೆಯದನ್ನೇ ಅವರು ಮೊದಲು ಬಿಚ್ಚಲಿ.